ಲಕ್ವ ಹೊಡೆದ ಕಾಲು, ಊರಿಗಾಗಿ ನಡೆದಾಗ

ಲಕ್ವದಿಂದ ಚೇತರಿಸಿಕೊಂಡವರು ಕೋಲು ಹಿಡಿದು ಸಹಾಯಾರ್ಥ ನಡಿಗೆಗೆ ಹೊರಡುವುದು, ಇಷ್ಟು ಕಿಲೋಮೀಟರ್ ಎಂದು ಗುರಿಯಿಟ್ಟು ಬೇರೆ ರೋಗಿಗಳಿಗಾಗಿ ಹಣ ಕೂಡಿಸುವುದು ಇಂದು ಹಲವು ದೇಶಗಳಲ್ಲಿ ಇದೆ. ಈ ನಡಿಗೆಯ ಹಿಂದೆ ಎರಡು ಬೇರೆ ಬೇರೆ ಚರಿತ್ರೆಗಳಿವೆ.

ಮೊದಲನೆಯದು ಮಿದುಳಿನದು. 1950ರ ದಶಕದ ಕೊನೆಯಲ್ಲಿ ನ್ಯೂಯಾರ್ಕಿನ ಸಿಟಿ ಕಾಲೇಜಿನ ಪ್ರಾಧ್ಯಾಪಕ, ಕವಿ ಪೆದ್ರೊ ಬಾಕ್-ಇ-ರೀಟಾ ಅವರಿಗೆ 65ನೇ ವಯಸ್ಸಿನಲ್ಲಿ ಲಕ್ವ ಹೊಡೆಯಿತು. ಮಾತು ನಿಂತಿತು, ಅರ್ಧ ಮೈ ಬಿದ್ದುಹೋಯಿತು. ಬೆಳೆದವರ ಮಿದುಳು ಒಮ್ಮೆ ಕೆಟ್ಟರೆ ಕೆಟ್ಟಿತು ಎಂಬುದೇ ಆಗಿನ ವೈದ್ಯರ ನಂಬಿಕೆ. ಮೆಕ್ಸಿಕೋದಲ್ಲಿ ವೈದ್ಯಕೀಯ ಓದುತ್ತಿದ್ದ ಮಗ ಜಾರ್ಜ್ ತಂದೆಯನ್ನು ಮನೆಗೆ ಕರೆತಂದ. ಕೂಸಿನ ಹಾಗೆ ಅಂಬೆಗಾಲಿನಿಂದಲೇ ಶುರುಮಾಡಿಸಿದ. ಭುಜವನ್ನು ಗೋಡೆಗೆ ಆನಿಸಿಕೊಂಡು ತೆವಳುವುದು, ಗೋಲಿ ಆಡುವುದು, ಪಾತ್ರೆ ತಿಕ್ಕುವುದು ದಿನದಿನದ ಕೆಲಸವಾಯಿತು. ತಿಂಗಳುಗಳ ಮೇಲೆ ಅವರು ಎದ್ದು ನಿಂತರು, ನಡೆದರು, ಕೊನೆಗೆ ಮತ್ತೆ ಪಾಠ ಹೇಳಲು ಹೋದರು. 72ನೇ ವಯಸ್ಸಿನಲ್ಲಿ ಕೊಲಂಬಿಯಾದ ಬೆಟ್ಟವೊಂದನ್ನು ಹತ್ತುವಾಗ ಹೃದಯಾಘಾತದಿಂದ ತೀರಿಕೊಂಡರು.

ಮರಣೋತ್ತರ ಪರೀಕ್ಷೆಯಲ್ಲಿ ಅವರ ಮಿದುಳಿನ ಗಾಯ ಹಾಗೆಯೇ ಇತ್ತು. ಮಿದುಳಿನಿಂದ ಬೆನ್ನುಹುರಿಗೆ ಇಳಿಯುವ ನರತಂತುಗಳಲ್ಲಿ ಶೇ. 97ರಷ್ಟು ನಾಶವಾಗಿದ್ದವು ಎಂದು ಇನ್ನೊಬ್ಬ ಮಗ, ನರವಿಜ್ಞಾನಿ ಪಾಲ್ ಮುಂದೆ ಹೇಳಿದರು. ಉಳಿದ ಭಾಗಗಳೇ ಹೊಸದಾಗಿ ಕೆಲಸ ಕಲಿತಿದ್ದವು. ಲಕ್ವದ ನಂತರದ ವ್ಯಾಯಾಮ ಚಿಕಿತ್ಸೆ ಇಂದು ನಂಬಿರುವುದು ಈ ಕಲಿಕೆಯನ್ನೇ.

ಎರಡನೆಯ ಚರಿತ್ರೆ ನಡಿಗೆಯದು. 1967ರಲ್ಲಿ ಕೆನಡಾದಲ್ಲಿ 'ಮೈಲ್ಸ್ ಫಾರ್ ಮಿಲಿಯನ್ಸ್' ನಡಿಗೆಗಳು ಶುರುವಾದಾಗ ನಡೆಯುವವರು ಗಟ್ಟಿಮುಟ್ಟಾದವರು, ನೆರವು ಪಡೆಯುವವರು ದೂರದ ಬಡವರು. ಅದೇ ದೇಶದ ಟೆರ್ರಿ ಫಾಕ್ಸ್ ಈ ಲೆಕ್ಕ ಬದಲಿಸಿದ. ಕ್ಯಾನ್ಸರಿನಿಂದ ಬಲಗಾಲು ಕಳೆದುಕೊಂಡಿದ್ದ ಆತ 1980ರಲ್ಲಿ ಕೃತಕ ಕಾಲಿನಲ್ಲಿ 143 ದಿನ, 5,373 ಕಿ.ಮೀ. ಓಡಿದ. ರೋಗಿಯೇ ಕೊಡುವವನಾದ. 2020ರಲ್ಲಿ ಇಂಗ್ಲೆಂಡಿನ ಟಾಮ್ ಮೂರ್, ನೂರು ತುಂಬುವ ಮುನ್ನ, ಊರುಗೋಲಿನ ಚೌಕಟ್ಟು ಹಿಡಿದು ಮನೆಯಂಗಳದ 25 ಮೀಟರ್ ಹಾದಿಯನ್ನು ನೂರು ಸಲ ನಡೆದರು. ಒಟ್ಟು ಎರಡೂವರೆ ಕಿಲೋಮೀಟರ್. ಕೂಡಿದ್ದು ಮೂರು ಕೋಟಿ ಪೌಂಡಿಗೂ ಹೆಚ್ಚು.

ಲಕ್ವ ಗೆದ್ದವರ ನಡಿಗೆಯನ್ನೂ ದೂರದಿಂದಷ್ಟೇ ಅಳೆಯಲಾಗದು. ಪಾದ ಎತ್ತಲು ಬಾರದೆ ಎಳೆದುಕೊಂಡು ನಡೆಯುವವರಿಗೆ ಅದೇ ಒಂದು ಕಿಲೋಮೀಟರಿಗೆ ನಮಗಿಂತ ಹೆಚ್ಚು ಶಕ್ತಿ ಬೇಕು. ಹಾಗಾಗಿ ಗುರಿಯನ್ನು ವೈದ್ಯರನ್ನು ಕೇಳಿಯೇ ಇಟ್ಟುಕೊಳ್ಳಬೇಕು. ಬೀದಿಯ ಕೊನೆಯ ತನಕ ಎಂದರೂ ಅದು ಗುರಿಯೇ.

ನಮ್ಮೂರುಗಳಲ್ಲಿ ಲಕ್ವ ಹೊಡೆದವರ ಮಂಚ ಇನ್ನೂ ನಡುಮನೆಯ ಮೂಲೆಗೆ ಸೇರುತ್ತದೆ. 'ಇನ್ನು ಇವರು ಎದ್ದ ಹಾಗೆಯೇ' ಎಂದು ನೋಡಲು ಬಂದವರು ಅವರ ಎದುರಿಗೇ ಹೇಳಿ ಹೋಗುತ್ತಾರೆ. ಆ ಮಾತು ಬಾಯಿಗೆ ಬರುವ ಮುಂಚೆ, ತಂದೆಯ ಜೊತೆ ನೆಲದ ಮೇಲೆ ತೆವಳಲು ಕೂತ ಜಾರ್ಜ್‌ನನ್ನು ಒಮ್ಮೆ ನೆನೆಯೋಣ.