ಹೊಲದ ಮಣ್ಣಿಗೆ ಹೀತ್ ಬಯಲಿನ ಹೆಪ್ಪು

ವಾಯವ್ಯ ಯುರೋಪಿನ ಹೀತ್ ಬಯಲುಗಳು ತಾವಾಗಿ ಉಳಿದುಬಂದವಲ್ಲ. ಬಡ ಮರಳುಮಣ್ಣಿನ ಮೇಲೆ ಕುರಿ, ಬೆಂಕಿ ಮತ್ತು ರೈತನ ಸಲಿಕೆ ಸೇರಿ ಕಾಡಾಗಲು ಬಿಡದೆ ಕಾಯ್ದ ಪೊದೆನೆಲಗಳು. ನೆದರ್ಲೆಂಡ್ಸಿನ ರೈತರು ಶತಮಾನಗಳ ಕಾಲ ಇಲ್ಲಿನ ಹೀದರ್ (ಕಲ್ಲೂನಾ ವಲ್ಗಾರಿಸ್) ಗಿಡಗಳನ್ನು ಬೇರುಮಣ್ಣಿನ ಸಮೇತ ಕೆತ್ತಿ ಕೊಟ್ಟಿಗೆಗೆ ಹಾಸಿ, ಅದು ಸಗಣಿ ಗಂಜಲ ಹೀರಿದ ಮೇಲೆ ಹೊಲಕ್ಕೆ ಹಾಕುತ್ತಿದ್ದರು. ಮಲೆನಾಡಿನ ಸೊಪ್ಪಿನ ಬೆಟ್ಟಕ್ಕೂ ಅಡಿಕೆ ತೋಟಕ್ಕೂ ಇರುವ ನಂಟನ್ನು ಬಲ್ಲವರಿಗೆ ಈ ಏರ್ಪಾಡು ಹೊಸದೆನಿಸದು. 19ನೇ ಶತಮಾನದ ಕೊನೆಗೆ ರಾಸಾಯನಿಕ ಗೊಬ್ಬರ ಬಂತು. ಬಯಲುಗಳನ್ನೇ ಉತ್ತು ಹೊಲ ಮಾಡತೊಡಗಿದರು.

ಸಾಗುವಳಿ ನಿಂತರೂ ಅಂಥ ಹೊಲಗಳಿಗೆ ಹೀದರ್ ಸುಲಭವಾಗಿ ಮರಳುವುದಿಲ್ಲ. ಸುಣ್ಣ ಹಾಕಿ ಹಾಕಿ ಮಣ್ಣಿನ ಹುಳಿ ಇಳಿದಿರುತ್ತದೆ. ಸಾರಜನಕ ಬಹುಮಟ್ಟಿಗೆ ನೀರಿನೊಡನೆ ಬಸಿದುಹೋಗುತ್ತದೆ. ರಂಜಕ ಮಾತ್ರ ಮಣ್ಣಿನ ಕಣಗಳಿಗೆ ಅಂಟಿ ದಶಕಗಳ ಕಾಲ ಉಳಿಯುತ್ತದೆ. ಆ ಸಾರವನ್ನುಂಡು ಎತ್ತರಕ್ಕೆ ಬೆಳೆಯುವ ಹುಲ್ಲಿನ ನೆರಳಲ್ಲಿ ಹೀದರ್ ಮೊಳಕೆ ಸೊರಗುತ್ತದೆ. ಇಂಗ್ಲೆಂಡಿನ ಡಾರ್ಸೆಟ್‌ನಲ್ಲಿ ಗಂಧಕ ಬೆರೆಸಿ ಮಣ್ಣನ್ನು ಮತ್ತೆ ಹುಳಿಯಾಗಿಸುವ ಪ್ರಯೋಗಗಳು ನಡೆದಿವೆ. ಆದರೆ ಗಂಧಕ ರಂಜಕವನ್ನು ಹೊರಹಾಕದು. ಹೀಗಾಗಿ ಹಲವೆಡೆ ಮೇಲ್ಮಣ್ಣನ್ನೇ ಕೆರೆದು ಸಾಗಿಸುತ್ತಾರೆ. ದುಬಾರಿ ಕೆಲಸವದು. ಸಾಲದ್ದಕ್ಕೆ ರಂಜಕದೊಡನೆ ಮಣ್ಣಿನ ಜೀವಿಗಳೂ, ಅಳಿದುಳಿದ ಬೀಜಗಳೂ ಹೊರಟುಹೋಗುತ್ತವೆ.

ಈ ನಷ್ಟವನ್ನು ತುಂಬುವ ದಾರಿ ತೋರಿದ್ದು ನೆದರ್ಲೆಂಡ್ಸಿನ ವೆಲುವೆ ಪ್ರದೇಶದ ರೈಯರ್ಸ್‌ಕಾಂಪ್. ಸಾಗುವಳಿ ಬಿಟ್ಟ ಆ ಜಮೀನಿನಲ್ಲಿ ಕೆಲವೆಡೆ ಮೇಲ್ಮಣ್ಣು ಕೆರೆದು, ಕೆಲವೆಡೆ ಹಾಗೇ ಬಿಟ್ಟು, ಹೀತ್ ಬಯಲಿನ ಅಥವಾ ಹುಲ್ಲುಗಾವಲಿನ ಮಣ್ಣನ್ನು ಒಂದು ಸೆಂಟಿಮೀಟರಿಗೂ ತೆಳುವಾಗಿ ಹರಡಿದರು. ಹಾಲಿಗೆ ಹೆಪ್ಪು ಹಾಕಿದಂತೆ. ಆರು ವರ್ಷಗಳ ಬಳಿಕ ಹೆಪ್ಪು ಯಾವುದೋ ನೆಲ ಅತ್ತ ವಾಲಿತ್ತು: ಹೀತ್ ಮಣ್ಣು ಬಿದ್ದಲ್ಲಿ ಹೀತ್ ಸಸ್ಯಗಳು, ಹುಲ್ಲುಗಾವಲಿನ ಮಣ್ಣು ಬಿದ್ದಲ್ಲಿ ಅದರ ಸಸ್ಯಗಳು, ನೆಲದೊಳಗಿನ ಜೀವಸಮುದಾಯವೂ ಹಾಗೆಯೇ. ಮೇಲ್ಮಣ್ಣು ಕೆರೆದಲ್ಲಿ ಪರಿಣಾಮ ಇನ್ನೂ ಗಾಢ. ಜಾಸ್ಪರ್ ವುಬ್ಸ್ ಮತ್ತು ಸಂಗಡಿಗರು ಇದನ್ನು 2016ರಲ್ಲಿ ‘ನೇಚರ್ ಪ್ಲಾಂಟ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು.

ಮಣ್ಣಿನೊಡನೆ ಬೀಜ, ಬೇರಿನ ತುಣುಕುಗಳೂ ಬರುವುದರಿಂದ ಫಲವೆಲ್ಲ ಸೂಕ್ಷ್ಮಜೀವಿಗಳದ್ದೇ ಎನ್ನಲಾಗದು. ಆದರೂ ಹೀದರ್ ಬೇರಿನ ಕೋಶಗಳೊಳಗೇ ನೆಲೆಸಿ, ಬಡ ನೆಲದಲ್ಲಿ ಅದಕ್ಕೆ ಸಾರಜನಕ ಒದಗಿಸುವ ಶಿಲೀಂಧ್ರಗಳನ್ನು ನೆನೆದರೆ, ಬೀಜವನ್ನಷ್ಟೇ ಚೆಲ್ಲಿ ಕಾಯುವ ಪದ್ಧತಿ ಅರೆಬರೆಯೆಂದೇ ನನ್ನ ಅಭಿಪ್ರಾಯ. ಹೆಪ್ಪಿಗಾಗಿ ಉಳಿದ ಹಳೆಯ ಬಯಲುಗಳನ್ನು ಅಗೆಯುವುದೂ ಸಲ್ಲದು. ಹುಲ್ಲು ಆವರಿಸಿದ ಹೀತ್ ಬಯಲುಗಳ ಆರೈಕೆಗೆಂದು ಇಂದಿಗೂ ನೆದರ್ಲೆಂಡ್ಸಿನಲ್ಲಿ ಮೇಲ್ಪದರವನ್ನು ಕೆತ್ತಿ ತೆಗೆಯುತ್ತಾರೆ. ಹೀದರ್ ಇನ್ನೂ ಜೀವಂತವಿರುವ ಕಡೆ ಕೆತ್ತಿದ್ದನ್ನು ಮೊದಲು ಈ ಹೊಲಗಳಿಗೆ ಕಳುಹಿಸಬೇಕು.