ಹುಲ್ಲುಮಾಡಿನ ಮನೆಯೂ ಆವನಿಯ ಕಲ್ಲೂ

ಶತಮಾನೋತ್ಸವದ ಈ ಶುಭಸಂದರ್ಭದಲ್ಲಿ ನಮ್ಮ ದೇವಾಲಯವನ್ನು ಕಣ್ತುಂಬ ನೋಡಿ ಸಂತೋಷಪಡುವ ನಾವು, ಈ ಸೀಮೆಯ ಹಿರಿಯರು ಬಾಳಿದ ಹುಲ್ಲು ಹೊದಿಸಿದ ಮನೆಗಳನ್ನೂ ಒಮ್ಮೆ ಸ್ಮರಿಸುವುದು ಉಚಿತವೆಂದು ತೋರುತ್ತದೆ. ಕಲ್ಲಿನ ಕಟ್ಟಡಕ್ಕೆ ಶಾಸನವುಂಟು, ಹುಲ್ಲಿನ ಮನೆಗೆ ಅದಿಲ್ಲ. ಕೆಲವು ಮಳೆಗಾಲ ಕೈಬಿಟ್ಟರೆ ಅದು ಬರಿಯ ಮಣ್ಣಿನ ದಿಬ್ಬ.

ಆದರೂ ಅದರ ರಚನೆಯನ್ನು ಹಗುರವಾಗಿ ಕಾಣಲಾಗದು. ಮರದ ಚೌಕಟ್ಟಿನ ಮನೆಯಲ್ಲಿ ಮಾಡಿನ ಭಾರವನ್ನು ಹೊರುವುದು ಮಣ್ಣಿನ ಗೋಡೆಯಲ್ಲ, ಕಂಬಗಳು. ಕಂಬದ ಬುಡಕ್ಕೆ ತೇವ ತಾಗದಂತೆ ಕಲ್ಲು. ತಲೆಯ ಮೇಲೆ ಬೋದಿಗೆ. ಅದರ ಮೇಲೆ ತೊಲೆ. ಅಲ್ಲಿಂದ ಇಳಿಜಾರಾಗಿ ಬಿದಿರಿನ ಗಳುಗಳು. ಅವುಗಳ ಮೇಲೆ ಒತ್ತಾಗಿ ಕಟ್ಟಿದ ಹುಲ್ಲು. ಮಾಡು ಕಡಿದಾಗಿದ್ದರೆ ಮಾತ್ರ ನೀರು ಒಳಕ್ಕಿಳಿಯದೆ ಜಾರಿಹೋಗುವುದು. ಸೂರು ತಗ್ಗಾಗಿ ಹೊರಚಾಚಿರುವುದು ಗೋಡೆ ಕರಗದಿರಲೆಂದೇ. ತಲೆ ಬಾಗಿಸದೆ ಒಳಹೋಗುವಂತಿರಲಿಲ್ಲ! ಒಲೆಯ ಹೊಗೆ ಹುಲ್ಲಿನ ಹುಳುಗಳನ್ನು ದೂರವಿಡುತ್ತಿತ್ತು. ಅದೇ ಒಲೆಯ ಒಂದು ಕಿಡಿ ಮನೆಯನ್ನೇ ಸುಡಲೂ ಸಾಕಾಗಿತ್ತು.

ಅಳಿದ ಇಂತಹ ಮನೆಗಳ ಕುರುಹನ್ನು ಅರಸುವವರು ಮುಳಬಾಗಿಲು ತಾಲ್ಲೂಕಿನ ಆವನಿಗೆ ಹೋಗಬೇಕು. ಅಲ್ಲಿ ರಾಮೇಶ್ವರ, ಲಕ್ಷ್ಮಣೇಶ್ವರ, ಭರತೇಶ್ವರ, ಶತ್ರುಘ್ನೇಶ್ವರ ಎಂಬ ನೊಳಂಬರ ಕಾಲದ ಶಿಲಾದೇಗುಲಗಳು ಒಂದೇ ಆವರಣದಲ್ಲಿವೆ. ದ್ರಾವಿಡ ಶೈಲಿಯ ಇಂತಹ ಗುಡಿಗಳಲ್ಲಿ ಗೋಡೆಯ ಮೇಲಂಚಿನಿಂದ ದುಂಡಾಗಿ ಬಾಗಿ ಇಳಿಯುವ ಕಪೋತವು ಹುಲ್ಲಿನ ಸೂರಿನದೇ ಪಡಿಯಚ್ಚು. ಕಪೋತದ ಮೇಲೆ ಕುದುರೆಲಾಳದ ಆಕಾರದಲ್ಲಿ ಬಿಡಿಸುವ ಕೂಡು ಎಂಬ ಅಲಂಕಾರವೂ ಬಿದಿರನ್ನು ಬಗ್ಗಿಸಿ ಕಟ್ಟಿದ ಮಾಡಿನ ಮುಖವೇ ಆಗಿದೆ. ಕಲ್ಲಿಗೆ ಇವು ಅನಿವಾರ್ಯವಲ್ಲ; ಶಿಲ್ಪಿಯ ಕೈ ಹಳೆಯ ಮನೆಯನ್ನು ಮರೆಯಲಿಲ್ಲ, ಅಷ್ಟೆ. ಕಂಬ, ಬೋದಿಗೆ, ತೊಲೆ ಎಂಬ ಬಡಗಿಯ ಮಾತುಗಳೂ ಕಲ್ಲುಕುಟಿಗನ ಬಾಯಲ್ಲಿ ಹಾಗೆಯೇ ಉಳಿದವು. ಸಂದೇಹಪಡುವವರು ಮಾಮಲ್ಲಪುರದ ದ್ರೌಪದಿ ರಥವನ್ನು ನೋಡಬಹುದು. 7ನೆಯ ಶತಮಾನದಲ್ಲಿ ಬಂಡೆಯನ್ನೇ ಕಡೆದು ಮಾಡಿದ ಹುಲ್ಲುಗುಡಿಸಲು ಅದು.

ನಮ್ಮ ಧರ್ಮಸಭೆಯ ಚರಿತ್ರೆಯಲ್ಲಿಯೂ ಹುಲ್ಲಿಗೆ ಸ್ಥಾನವುಂಟು. ಬೆಂಗಳೂರಿನ ಶಿವಾಜಿನಗರದ ಸಂತ ಮರಿಯಮ್ಮನವರ ಮಹಾದೇವಾಲಯದ ಮೂಲ, ಕಾಣಿಕೆಮಾತೆಯ ಹೆಸರಿನ ಹುಲ್ಲುಮಾಡಿನ ಪ್ರಾರ್ಥನಾಮಂದಿರ. ಅಬ್ಬೆ ದುಬುವಾ ಅವರ ಕಾಲದಲ್ಲಿ ಅದು ಚಿಕ್ಕ ದೇವಾಲಯವಾಯಿತು. ವಂದನೀಯ ಸ್ವಾಮಿ ಕ್ಲೈನರ್ ಅವರ ಶ್ರಮದಿಂದ ಗಾಥಿಕ್ ಶೈಲಿಯ ಭವ್ಯಮಂದಿರವೆದ್ದು 1882ರ ಸೆಪ್ಟೆಂಬರ್ 8ರಂದು, ಮಾತೆಯ ಜನ್ಮದಿನೋತ್ಸವದಂದೇ, ಪ್ರತಿಷ್ಠಾಪಿತವಾಯಿತು. ಆದರೆ ಆ ಚೂಪುಗೋಪುರದಲ್ಲಿ ಮೊದಲಿನ ಹುಲ್ಲಿನ ಗುರುತು ಒಂದಿಷ್ಟೂ ಇಲ್ಲ. ಆವನಿಯ ಕಲ್ಲು ನೆನಪಿಟ್ಟುದನ್ನು ನಮ್ಮ ಗಾರೆ ನೆನಪಿಟ್ಟುಕೊಳ್ಳಲಿಲ್ಲ.

ಆದುದರಿಂದ, ಅಂತಹ ಹಳೆಯ ಮನೆಯೊಂದು ಯಾವ ಊರಲ್ಲಾದರೂ ಇನ್ನೂ ನಿಂತಿದ್ದರೆ, ಕೆಡಹುವ ಮುನ್ನ ಅದರ ಕಂಬ ತೊಲೆಗಳ ಅಳತೆ ತೆಗೆದು, ಹುಲ್ಲು ಹೊದಿಸಬಲ್ಲ ಹಿರಿಯರನ್ನು ಕೇಳಿ ಬರೆದಿಡಬೇಕೆಂದು ಭಕ್ತಾದಿಗಳಲ್ಲಿ ನಮ್ಮ ವಿನಮ್ರ ಬಿನ್ನಹ.