ಗಂಗೆಯ ಮೀನು ನಮ್ಮೂರ ಕೆರೆಗೆ ಬಂದದ್ದು

ನಮ್ಮ ಬಯಲುಸೀಮೆಯ ಸಂತೆಯಲ್ಲಿ "ಕೆರೆ ಮೀನು ಕೊಡಪ್ಪಾ" ಅಂದರೆ ಕಾಟ್ಲಾನೋ ರೋಹುನೋ ತೂಗಿ ಕೊಡ್ತಾರೆ. ತಮಾಷೆ ಅಂದರೆ ಇವು ನಮ್ಮ ಕೆರೆಯ ಮೂಲನಿವಾಸಿಗಳೇ ಅಲ್ಲ! ಇವೆರಡು, ಜೊತೆಗೆ ಮೃಗಾಲ್, ಮೂರೂ ಗಂಗಾ ಬಯಲಿನ ಹೊಳೆ ಮೀನುಗಳು.

ಮೀನಿಗೆ ಮೇವು ಹಾಕಿ ಕೊಬ್ಬಿಸೋದು ನಮಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲೇ ತನ್ನ 'ಮಾನಸೋಲ್ಲಾಸ'ದಲ್ಲಿ ಮತ್ಸ್ಯವಿನೋದ ಅಂತ ಒಂದು ಭಾಗವನ್ನೇ ಇಟ್ಟಿದ್ದಾನೆ. ತೊಡಕು ಇದ್ದದ್ದು ಮರಿಗಳದ್ದು. ಈ ಗೆಂಡೆ ಮೀನುಗಳು ಕೆರೆಯಲ್ಲಿ ಚೆನ್ನಾಗಿ ಬೆಳೆಯುತ್ತವೆ, ಹೊಟ್ಟೆಯಲ್ಲಿ ಮೊಟ್ಟೆಯೂ ತುಂಬುತ್ತೆ, ಆದರೆ ನಿಂತ ನೀರಿನಲ್ಲಿ ಮೊಟ್ಟೆ ಇಡೋದಿಲ್ಲ. ಮುಂಗಾರಿನ ನೆರೆ ನೀರೇ ಬೇಕು. ಹಾಗಾಗಿ ಮಳೆಗಾಲದಲ್ಲಿ ಹೊಳೆಗೆ ಬಲೆ ಕಟ್ಟಿ ತೇಲಿ ಬರುವ ಮರಿಗಳನ್ನು ಹಿಡಿಯುತ್ತಿದ್ದರು. ಬಂಗಾಳದಿಂದ ಅವು ರೈಲು ಹತ್ತಿ ದೂರದೂರಿಗೆ ಹೋಗುತ್ತಿದ್ದವು. ದಾರಿಯಲ್ಲಿ ಸತ್ತವು ಎಷ್ಟೋ. ಉಳಿದವುಗಳಲ್ಲಿ ಕಾಟ್ಲಾ ಯಾವುದು, ಕಾಟ್ಲಾವನ್ನೇ ನುಂಗುವ ಮೀನು ಯಾವುದು ಅಂತ ಕಣ್ಣಿಗೆ ಕಾಣುವಷ್ಟು ದೊಡ್ಡವೂ ಅಲ್ಲ!

ಇದನ್ನು ಬಿಡಿಸಿದವರು ಹೀರಾಲಾಲ್ ಚೌಧುರಿ. ಬ್ಯಾರಕ್‌ಪುರದ ಕೇಂದ್ರ ಒಳನಾಡು ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಕಟಕ್ ಕೇಂದ್ರದಲ್ಲಿದ್ದ ವಿಜ್ಞಾನಿ. ಬಲಿತ ಮೀನಿನ ಮಿದುಳಿನ ಕೆಳಗಿರುವ ಸಣ್ಣ ಪಿಟ್ಯುಟರಿ ಗ್ರಂಥಿಯನ್ನು ತೆಗೆದು, ಅರೆದು, ನೀರಿನಲ್ಲಿ ಕಲಸಿ ಇನ್ನೊಂದು ಮೀನಿಗೆ ಸೂಜಿ ಚುಚ್ಚೋದು, ಇಷ್ಟೇ ಉಪಾಯ. ಬ್ರೆಜಿಲ್‌ನವರು 1930ರ ದಶಕದಲ್ಲೇ ತಮ್ಮ ಮೀನುಗಳ ಮೇಲೆ ಮಾಡಿ ನೋಡಿದ್ದರು. ನಮ್ಮ ಗೆಂಡೆಗಳು ಜಗ್ಗಿದ್ದು ಮಾತ್ರ 1957ರ ಜುಲೈ 10ರಂದು, ಒಡಿಶಾದ ಅಂಗುಲ್‌ನಲ್ಲಿ. ಸಂಜೆ ಸೂಜಿ ಚುಚ್ಚಿ ಗಂಡು ಹೆಣ್ಣನ್ನು ಕೊಳದೊಳಗೆ ಕಟ್ಟಿದ ಬಟ್ಟೆಯ ತೊಟ್ಟಿಗೆ ಬಿಟ್ಟರೆ ಬೆಳಗಾಗೋದರೊಳಗೆ ಮೊಟ್ಟೆ! ಹೊಳೆಯೂ ಬೇಡ, ನೆರೆಯೂ ಬೇಡ.

ಆಮೇಲಿನದೆಲ್ಲ ಬೇಗ ಆಯಿತು. ಊರೂರಿಗೆ ಮರಿ ಉತ್ಪಾದನಾ ಕೇಂದ್ರಗಳು ಬಂದವು. 1959ರಲ್ಲಿ ತರಿಸಿದ್ದ ಬೆಳ್ಳಿ ಗೆಂಡೆ, ಹುಲ್ಲು ಗೆಂಡೆಗಳನ್ನೂ ಸೇರಿಸಿ ಒಂದೇ ಕೊಳದಲ್ಲಿ ಹಲವು ಜಾತಿ ಸಾಕುವ ಮಿಶ್ರ ಸಾಕಣೆ 1970ರ ದಶಕದಲ್ಲಿ ಹಬ್ಬಿತು. ನೀಲಿ ಕ್ರಾಂತಿ ಅಂತ ಹೆಸರೂ ಬಂತು. ಚೌಧುರಿ 2014ರಲ್ಲಿ ತೀರಿಕೊಂಡರು. ಜುಲೈ 10 ಈಗ ರಾಷ್ಟ್ರೀಯ ಮೀನು ಕೃಷಿಕರ ದಿನ. ಆದರೂ ಹಸಿರು ಕ್ರಾಂತಿಯ ಸ್ವಾಮಿನಾಥನ್, ಹಾಲಿನ ಕುರಿಯನ್ ಗೊತ್ತಿರುವಷ್ಟು ಜನಕ್ಕೆ ಈ ಮನುಷ್ಯ ಗೊತ್ತಿಲ್ಲ. ನನಗೂ ಇತ್ತೀಚಿನವರೆಗೆ ಗೊತ್ತಿರಲಿಲ್ಲ ಬಿಡಿ.

ಇದಕ್ಕೆ ಕೊಟ್ಟ ಬೆಲೆಯೂ ಇದೆ. ಸಣ್ಣ ಮರಿ ಸಾಕುವ ಕೊಳಕ್ಕೆ ಮೊದಲು ಹಿಪ್ಪೆ ಹಿಂಡಿ ಹಾಕಿ ಅಲ್ಲಿದ್ದ ಮೀನನ್ನೆಲ್ಲ ಸಾಯಿಸುತ್ತಾರೆ. ಹಿಂಡಿ ಆಮೇಲೆ ಗೊಬ್ಬರವಾಗುತ್ತೆ ಅನ್ನೋದು ನಿಜ. ಆದರೆ ಪಕ್ಕೆಗೆ ಅಲ್ಲಿ 'ಕಳೆ ಮೀನು' ಅಂತ ಹೆಸರು, ಕೊರವ ಅಂದರೆ ಮರಿ ನುಂಗುವ ಶತ್ರು. ನನಗೋ ಕೊರವನ ಸಾರೇ ಇಷ್ಟ. ಸಂತೆಯಲ್ಲಿ ಕೇಳಿದರೆ ಈಗ ಕಾಟ್ಲಾ ತೋರಿಸ್ತಾರೆ.